ಎರಡು ಸಲ ಡೋರ್ ಬಿಚ್ಚಿದವನ ಬ್ಯೂಟೈಲ್ ಶೀಟ್ ರಿವ್ಯೂ

ನನ್ನದು ರಾತ್ರಿ ಪಾಳಿಯ ಕೆಲಸ. ಔಷಧಿ ಅಂಗಡಿ ಮುಚ್ಚಿ ಹೊರಡುವಾಗ ಗಂಟೆ ಎರಡಾಗಿರುತ್ತದೆ. ಆ ಹೊತ್ತಿಗೆ ರಸ್ತೆ ಖಾಲಿ, ರೇಡಿಯೋ ಹಾಕುವ ಮನಸ್ಸೂ ಇರುವುದಿಲ್ಲ. ಹಗಲಿನ ಗದ್ದಲದಲ್ಲಿ ಅಡಗಿ ಕೂತ ಸದ್ದುಗಳೆಲ್ಲ ಆಗ ಒಂದೊಂದಾಗಿ ಹೊರಗೆ ಬರುತ್ತವೆ. ನನ್ನ ಹನ್ನೊಂದು ವರ್ಷದ ಹ್ಯಾಚ್‌ಬ್ಯಾಕ್‌ನಲ್ಲಿ, ಪಕ್ಕದ ಸೀಟಿನ ಡೋರ್ ಒಳಗೆ, ಯಾರೋ ಬೇಜಾರಿಗೆ ಪೆನ್ನು ಕುಟ್ಟುತ್ತಾ ಕೂತಂತೆ ಟಿಕ್ ಟಿಕ್ ಟಿಕ್. ಡೋರ್ ಪ್ಯಾಡ್ ಮೇಲೆ, ಅಂದರೆ ಡೋರ್ ಒಳಮೈಗೆ ಹೊದಿಸಿದ ಹಲಗೆಯ ಮೇಲೆ, ಕೈ ಒತ್ತಿ ಹಿಡಿದರೆ ನಿಲ್ಲುತ್ತಿತ್ತು. ಬಿಟ್ಟರೆ ಮತ್ತೆ ಶುರು. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ಪಕ್ಕದ ಡೋರ್‌ವರೆಗೆ ಚಾಚಿಕೊಂಡು ಎಷ್ಟು ದಿನ ಓಡಿಸೋದು ಹೇಳಿ?

ಹಾಗಾಗಿ ನಾಲ್ಕು ಸಾಮಾನು ತರಿಸಿದೆ. 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ಅದುರು ತಗ್ಗಿಸುವ ಅಂಟು ರಬ್ಬರಿನ ಹಾಳೆ, ಒಂದು ಪೆಟ್ಟಿಗೆ, ಹತ್ತು ಶೀಟ್. ನೀರು ಹೀರದ 6 ಮಿಲಿಮೀಟರ್ ಕ್ಲೋಸ್ಡ್ ಸೆಲ್ ಫೋಮ್ ಒಂದು ಸುರುಳಿ. ವೈರಿಗೆ ಸುತ್ತುವ ಫ್ಲೀಸ್ ಟೇಪು. ಮತ್ತೆ ಹಗ್ಗದ ಥರ ಉದ್ದಕ್ಕೆ ಬರುವ ಅಂಟು ಬ್ಯೂಟೈಲ್. ಇವೆಲ್ಲ ಡೋರ್ ಒಳಗೆ ಕೂತು ಈಗ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಳೆದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹಚ್ಚಿದ ಮಾರನೇ ದಿನವೇ ಬರೆದ ರಿವ್ಯೂಗಳನ್ನು ನಂಬಿಯೇ ನಾನು ಮೊದಲ ಸಲ ಕೆಟ್ಟಿದ್ದು.

ಹೌದು, ಇದು ಎರಡನೇ ಸಲದ ಕೆಲಸ. ಮೊದಲ ಸಲದ್ದು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಪರವಾಗಿಲ್ಲ. ಡೋರ್ ಪ್ಯಾಡ್ ತೆಗೆದಾಗ ಒಳಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಕಂಡಿತು. ಸುತ್ತ ಕಪ್ಪು ಅಂಟು. ಧೂಳು ಕೂರದಿರಲಿ ಅಂತ ಫ್ಯಾಕ್ಟರಿಯಲ್ಲಿ ಹಾಕಿದ್ದಿರಬೇಕು ಅಂದುಕೊಂಡು ಹರಿದು ಬಿಸಾಡಿದೆ. ಅದರ ಜಾಗಕ್ಕೆ ಬೂದು ಬಣ್ಣದ ಸ್ಪಂಜು ಶೀಟ್ ಅಂಟಿಸಿದೆ. ಸದ್ದು ನಿಜವಾಗಿಯೂ ಕಡಿಮೆಯಾಯಿತು. ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ.

ಮೂರು ವಾರ ಕಳೆದು ಮಳೆ ಹಿಡಿಯಿತು. ಮಗಳನ್ನು ಕರೆದುಕೊಂಡು ಬರುತ್ತಿದ್ದೆ. ಶೂ ಬಿಚ್ಚಿ ಕಾಲು ನೀಡಿಕೊಂಡು ಕೂತಿದ್ದವಳು ಥಟ್ಟನೆ ಕಾಲು ಮೇಲೆತ್ತಿದಳು. "ಅಪ್ಪಾ, ಸಾಕ್ಸ್ ಒದ್ದೆ ಆಯ್ತು. ನೀರಿನ ಬಾಟ್ಲಿ ಚೆಲ್ಲಿದ್ಯಾ?"

"ಇಲ್ವಲ್ಲೇ."

ಮನೆಗೆ ಬಂದು ಕಾರ್ಪೆಟ್ ಮೇಲೆ ಬೆರಳು ಒತ್ತಿದರೆ ಬೆರಳ ಸುತ್ತ ನೀರು ಮೇಲೆದ್ದಿತು. ಮಾರನೇ ದಿನ ಡೋರ್ ಪ್ಯಾಡ್ ತೆಗೆದೆ. ಸ್ಪಂಜು ಹಿಡಿದರೆ ಭಾರ, ಹಿಂಡಿದರೆ ಕಂದು ನೀರು, ಜೊತೆಗೆ ಮುಗ್ಗಲು ವಾಸನೆ. ಡೋರ್ ಪ್ಯಾಡ್‌ನ ಹಿಂದಿನ ರಟ್ಟಿನಂಥ ಹಲಗೆ ಕೆಳಗಡೆ ಉಬ್ಬಿ ಮೆತ್ತಗಾಗಿತ್ತು. ಸ್ಪಂಜು ತಗಡಿಗೆ ಒರಗಿದ್ದ ಕಡೆ ಆಗಲೇ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆ.

ಕಾರಿನ ಡೋರ್ ಒಳಗೆ ನೀರು ಬರಲೇಬಾರದು ಅಂತ ನಾನು ನಂಬಿದ್ದೆ. ಅಲ್ಲವೇ ಅಲ್ಲ. ನೀರು ಬರುತ್ತದೆ, ಬರುತ್ತದೆ ಅಂತ ಗೊತ್ತಿದ್ದೇ ಡೋರ್ ಕಟ್ಟಿದ್ದಾರೆ. ಗಾಜು ಡೋರ್ ಒಳಗೆ ಇಳಿಯುವ ಸೀಳಿನಲ್ಲಿ ಹೊರಗಡೆ ಒಂದು ರಬ್ಬರ್ ಪಟ್ಟಿ ಇದೆಯಲ್ಲ, ಅದು ಗಾಜಿನ ಮೇಲಿನ ನೀರನ್ನು ಬಹುಪಾಲು ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಉಳಿದದ್ದು ಗಾಜಿನ ಮೇಲೇ ಜಾರಿ ಡೋರ್ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಡೋರ್‌ನ ತಳದ ಅಂಚಿನಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಡೋರ್ ಅಂದರೆ ಎರಡು ತಗಡು. ಹೊರಗಿನದು ತೆಳು, ಬಣ್ಣ ಬಳಿದದ್ದು. ಒಳಗಿನದರಲ್ಲಿ ಮೋಟರು, ಲಾಕು ಜೋಡಿಸಲು ಕೈ ತೂರುವಷ್ಟು ದೊಡ್ಡ ಕಿಂಡಿಗಳು. ಆ ಕಿಂಡಿಗಳನ್ನು ಮುಚ್ಚಿ ಮಳೆ ನೀರನ್ನು ಆ ಕಡೆಯೇ ಇಡುವುದು ನಾನು ಹರಿದು ಬಿಸಾಡಿದ ಪ್ಲಾಸ್ಟಿಕ್ ಹಾಳೆ. ಅದರ ಕೆಳಗಿನ ಅಂಚು ಸುಮ್ನೆ ಇಳಿಬಿಟ್ಟಿರುವುದಿಲ್ಲ. ಒಳಗಿನ ತಗಡಿನ ಸೀಳಿನೊಳಗೆ ತೂರಿರುತ್ತದೆ. ಹಾಳೆಗೆ ಸಿಡಿದ ಹನಿ ಜಾರುತ್ತಾ ಬಂದು ಮತ್ತೆ ಡೋರ್ ಹೊಟ್ಟೆಗೇ ಬೀಳಲಿ ಅಂತ. ಹೆಂಚು ಹೊದಿಸುವಾಗ ಮೇಲಿನದರ ಅಂಚು ಕೆಳಗಿನದರ ಮೇಲೆ ಬರುತ್ತದಲ್ಲ, ಅದೇ ಲೆಕ್ಕ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಡೋರ್ ಪ್ಯಾಡ್ ತೆಗೆದಿಟ್ಟು, ಗಾಜು ಪೂರ್ತಿ ಏರಿಸಿ, ಹೊರಗಿನಿಂದ ಗಾಜಿನ ಬುಡಕ್ಕೆ ಒಂದು ಮಗ್ ನೀರು ಮೆಲ್ಲಗೆ ಸುರಿಯಿರಿ. ನಾವು ಮಾಡಿದಾಗ ಮಗಳು ಮಗ್ ಹಿಡಿದಿದ್ದಳು, ನಾನು ಒಳಗಿನಿಂದ ಟಾರ್ಚ್ ಬಿಟ್ಟಿದ್ದೆ. ನೀರು ಗಾಜಿನ ಹೊರಮೈ ಹಿಡಿದು ಇಳಿದು, ಗಾಜು ಏರಿಸುವ ಕಬ್ಬಿಣದ ತೋಳಿನ ಮೇಲೆ ಬಿದ್ದು, ಅಲ್ಲಿಂದ ನನ್ನ ಮುಖಕ್ಕೇ ಸಿಡಿಯಿತು. ಪ್ಲಾಸ್ಟಿಕ್ ಹಾಳೆ ಯಾಕೆ ಬೇಕು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು. ಮೂರು ತೂತುಗಳಲ್ಲಿ ಎರಡರಿಂದ ನೀರು ಬಂತು, ಮೂರನೆಯದು ಮಣ್ಣು ತುಂಬಿ ಕಟ್ಟಿಕೊಂಡಿತ್ತು. ಕಡ್ಡಿ ಹಾಕಿ ಬಿಡಿಸಿದೆ. ಶೀಟ್ ತರಿಸುವ ಮೊದಲು ಈ ಮಗ್ ಪರೀಕ್ಷೆ ಮಾಡಬೇಕಿತ್ತು ನಾನು.

ಎರಡನೇ ಸಲ ಶೀಟ್‌ಗೆ ಕೈ ಹಾಕುವ ಮೊದಲು ಟಿಕ್ ಟಿಕ್ ಎಲ್ಲಿಂದ ಅಂತ ಹುಡುಕಿದೆ. ಮೊದಲ ಸಲ ಅದು ಸ್ಪಂಜಿನ ಹಿಂದೆ ಮಂದವಾಗಿತ್ತೇ ಹೊರತು ಹೋಗಿರಲಿಲ್ಲ. ಫೋನಿನಿಂದ ಕಾರಿನ ಸ್ಪೀಕರ್‌ಗೆ 40ರಿಂದ 100 ಹರ್ಟ್ಜ್‌ವರೆಗಿನ ಒಂಟಿ ಸ್ವರವನ್ನು ನಿಧಾನಕ್ಕೆ ಏರಿಸುತ್ತಾ ಬಿಟ್ಟೆ. ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಜಿರ್ ಅನ್ನುತ್ತದೆ. ಅಲ್ಲಿ ಬೆರಳಿಟ್ಟರೆ ಸುಮ್ಮನಾಗುತ್ತದೆ. ಸಿಕ್ಕಿದ ಕಳ್ಳರು ಮೂವರು. ಒಳಗಿನ ಹಿಡಿಯಿಂದ ಲಾಕ್‌ವರೆಗೆ ಹೋಗುವ ಸಣ್ಣ ಕಂಬಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು, ಕಂಬಿ ತಗಡಿಗೆ ಬಡಿಯುತ್ತಿತ್ತು. ಒಂದು ವೈರಿನ ಪ್ಲಗ್ ನೇತಾಡುತ್ತಿತ್ತು. ಇನ್ನೊಂದು, ಡೋರ್ ತಳದಲ್ಲಿ ಬಿದ್ದಿದ್ದ ಒಂದು ಸ್ಕ್ರೂ. ಅದು ಮೊದಲ ಸಲ ನಾನೇ ಬೀಳಿಸಿದ್ದಿರಬೇಕು, ಬಿಡಿ.

ನಿಜ ಹೇಳಬೇಕೆಂದರೆ ನನ್ನ ಕಿರಿಕಿರಿಯ ಮುಕ್ಕಾಲು ಭಾಗ ಹೋಗಿದ್ದು ಇಲ್ಲಿಯೇ, ಒಂದೇ ಒಂದು ಡ್ಯಾಂಪಿಂಗ್ ಶೀಟ್ ಹಚ್ಚುವ ಮೊದಲೇ. ಕಂಬಿಗೆ ಹೊಸ ಕ್ಲಿಪ್ ಹಾಕಿ, ಬಡಿಯುವ ಕಡೆ ಕ್ಲೋಸ್ಡ್ ಸೆಲ್ ಫೋಮ್‌ನ ತುಂಡು ಸುತ್ತಿದೆ. ಪ್ಲಗ್‌ಗೆ, ವೈರಿಗೆ ಫ್ಲೀಸ್ ಟೇಪು. ಈ ಟೇಪಿನ ಬಗ್ಗೆ ನನ್ನ ದೂರೇ ಇಲ್ಲ. ನಾನು ತರಿಸಿದ್ದು ಟೆಸಾ ಕಂಪನಿಯ 51608, ಕಾರಿನ ಒಳಗಿನ ವೈರಿಂಗ್‌ಗೆಂದೇ ಮಾಡಿದ್ದು. ಕೈಯಲ್ಲೇ ಹರಿಯುತ್ತದೆ, ಮೈ ಮೆತ್ತಗಿದೆ, ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜಿದರೂ ಕಿರ್ ಅನ್ನುವುದಿಲ್ಲ. ಆದರೆ ಅದು ಬಟ್ಟೆ ಜಾತಿಯದು, ನೀರು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಈಚೆ, ಒಣಗಿರುವ ಕಡೆ ಮಾತ್ರ ಬಳಸಿ. ಕಂಬಿಗೆ ಏನಾದರೂ ಸುತ್ತಿದ ಮೇಲೆ ಡೋರ್ ತೆರೆದಿಟ್ಟುಕೊಂಡೇ ಲಾಕ್ ಪರೀಕ್ಷೆ ಮಾಡಿ. ಸ್ಕ್ರೂ ಡ್ರೈವರ್‌ನಿಂದ ಲಾಕಿನ ಕೊಕ್ಕೆಯನ್ನು ಮುಚ್ಚಿ, ಹಿಡಿ ಎಳೆದಾಗ ಬಿಟ್ಟುಕೊಳ್ಳುತ್ತದಾ ನೋಡಿ. ಡೋರ್ ಹಾಕಿದ ಮೇಲೆ ಕಂಬಿ ಸಿಕ್ಕಿಹಾಕಿಕೊಂಡರೆ ಹೊರಗೆ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಈಗ ಶೀಟ್. ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ಕಪ್ಪು ಬ್ಯೂಟೈಲ್, ಅದರ ಕೆಳಗೆ ಸುಲಿಯುವ ಕಾಗದ. ಇದು ಸದ್ದನ್ನು ತಡೆಯುವ ಗೋಡೆಯಲ್ಲ, ಆ ಆಸೆಯಿಂದ ತರಿಸಬೇಡಿ. ತಗಡು ಅದುರಿದಾಗ ಬ್ಯೂಟೈಲ್ ತಗಡಿಗೂ ಅಲ್ಯೂಮಿನಿಯಂಗೂ ನಡುವೆ ಸಿಕ್ಕಿ ಹಿಂದೆ ಮುಂದೆ ಎಳೆದಾಡುತ್ತದೆ. ಹಾಗೆ ಎಳೆದಾಡಿದ ಶಕ್ತಿ ಚೂರು ಬಿಸಿಯಾಗಿ ಕರಗಿ ಹೋಗುತ್ತದೆ, ಅದುರು ಬೇಗ ಸಾಯುತ್ತದೆ. ಅಷ್ಟೇ ಇದರ ಕೆಲಸ. ಬೆರಳ ಗೆಣ್ಣಿನಿಂದ ಹೊರಗಿನ ತಗಡು ತಟ್ಟಿದರೆ ಮೊದಲು ಟಂಯ್ಯ್ ಅಂತ ಉದ್ದಕ್ಕೆ ಎಳೆಯುತ್ತಿತ್ತು. ಅದುರು ಜಾಸ್ತಿ ಇರುವ ನಟ್ಟನಡುವೆ ಒಂದು ಶೀಟ್ ಹಚ್ಚಿದ ಕೂಡಲೇ ಆ ಬಾಲ ತುಂಡಾಯಿತು. ಎರಡನೆಯದಕ್ಕೆ ದಪ್ ಅನ್ನತೊಡಗಿತು. ಮೂರನೆಯದನ್ನು ಅಂಟಿಸದೆ ಕೈಯಲ್ಲಿ ಒತ್ತಿ ಹಿಡಿದು ತಟ್ಟಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಪೆಟ್ಟಿಗೆಯೊಳಗಿನ ಚೀಟಿ ಮಾತ್ರ ಒಂದಿಂಚೂ ಬಿಡದೆ ಪೂರ್ತಿ ಮುಚ್ಚಿ ಅನ್ನುತ್ತದೆ. ಶೀಟ್ ಮಾರುವವರು ಇನ್ನೇನು ಹೇಳುತ್ತಾರೆ, ಅಲ್ವಾ? ತಗಡಿನ ಕಾಲು ಭಾಗದಿಂದ ಅರ್ಧ ಭಾಗ ಮುಚ್ಚಿದರೆ ಅದುರಿನ ಮಟ್ಟಿಗೆ ಸಾಕು. ಉಳಿದದ್ದು ಬರೀ ತೂಕ. ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಒಂದು ಶೀಟ್ 640 ಗ್ರಾಂ ಬಂತು. ಒಂದು ಡೋರ್‌ಗೆ ಹೊರತಗಡಿಗೆ ಎರಡು, ಒಳತಗಡಿಗೆ ಒಂದು, ಒಟ್ಟು ಮೂರು ಹಾಕಿದೆ. ಹೆಚ್ಚುಕಡಿಮೆ ಎರಡು ಕಿಲೋ. ಡೋರ್ ಹಿಂಜ್ ಅದಕ್ಕಿಂತ ಜಾಸ್ತಿ ಯಾಕೆ ಹೊರಬೇಕು?

ಅಂಟು ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದರೆ ಒಮ್ಮೆ ಕೂತರೆ ಮುಗಿಯಿತು, ಸರಿಸುವ ಮಾತಿಲ್ಲ. ಆದರೆ ತಗಡು ಶುಚಿಯಾಗಿರಬೇಕು. ಡೋರ್ ಒಳಮೈಯಲ್ಲಿ ತುಕ್ಕು ಹಿಡಿಯದಿರಲೆಂದು ಸಿಂಪಡಿಸಿದ ಮೇಣದಂಥ ಪದರವೂ, ಅದರ ಮೇಲೆ ಹನ್ನೊಂದು ವರ್ಷದ ಧೂಳೂ ಇರುತ್ತದೆ. ಅಂಟಿಸುವ ಜಾಗದಲ್ಲಿ ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿದೆ. ಅದು ನನಗೆ ಕೈಗೆಟುಕುವ ಸಾಮಾನು, ಧಾರಾಳವಾಗಿ ಸುರಿದೆ. ಆದರೂ ಕೈ ಸರಿಯಾಗಿ ಹೋಗದ ಒಂದು ಮೂಲೆ ಅರ್ಧಂಬರ್ಧ ಆಗಿತ್ತು. ಬೇಸಿಗೆಯಲ್ಲಿ ಮತ್ತೆ ತೆರೆದಾಗ ಎದ್ದಿದ್ದುದು ಅದೊಂದೇ ಮೂಲೆ. ದಿನವಿಡೀ ಬಿಸಿಲಲ್ಲಿ ನಿಂತ ಕಾರಲ್ಲೂ ಉಳಿದ ಶೀಟ್ ಒಂದು ಕೂದಲೂ ಜಾರಿರಲಿಲ್ಲ, ವಾಸನೆಯೂ ಇರಲಿಲ್ಲ. ಹಿಂದೊಮ್ಮೆ ಡಿಕ್ಕಿಯ ತಳಕ್ಕೆ ಅಗ್ಗದ ಡಾಂಬರು ಶೀಟ್ ಹಾಕಿಸಿದ್ದೆ. ಅದು ಬಿಸಿಲಿಗೆ ಮೆತ್ತಗಾಗಿ, ಕಾರೊಳಗೆಲ್ಲ ಹೊಸ ರಸ್ತೆಯ ವಾಸನೆ ತುಂಬಿತ್ತು. ನೆಲಕ್ಕಾದರೆ ಹೇಗೋ ಆದೀತು. ನೆಟ್ಟಗೆ ನಿಂತ ಡೋರ್‌ಗೆ ಡಾಂಬರು ಬೇಡವೇ ಬೇಡ, ಜಾರಿ ಬಿದ್ದರೆ ನೀರು ಹೋಗುವ ತೂತಿಗೇ ಬಂದು ಕೂರುತ್ತದೆ.

ದೂರುಗಳೂ ಇವೆ. ಅಲ್ಯೂಮಿನಿಯಂ ಅಂಚು ಬ್ಲೇಡಿನ ಹಾಗೆ. ಅಂಗಡಿಯ ತೆಳು ಗ್ಲೌಸ್ ಹಾಕಿಕೊಂಡು ಹೋಗಿದ್ದೆ, ಹತ್ತು ನಿಮಿಷಕ್ಕೆ ಹರಿದು ಅಂಗೈ ಕೊಯ್ದುಕೊಂಡಿತು. ಒಳತಗಡಿನ ಕಿಂಡಿಯ ಅಂಚೂ ಅಷ್ಟೇ ಚೂಪು. ದಪ್ಪ ಗ್ಲೌಸ್ ಬೇಕು, ಉದ್ದ ತೋಳಿನ ಅಂಗಿಯೂ ಬೇಕು. ಹತ್ತು ಶೀಟ್‌ನಲ್ಲಿ ಎರಡು ಮೂಲೆ ಮಡಚಿಕೊಂಡು ಬಂದಿದ್ದವು. ಕಾಗದ ಸುಲಿಯುವಾಗ ಒಂದೆರಡು ಕಡೆ ಹರಿದು ಅಂಟಿನ ಮೇಲೇ ಉಳಿಯಿತು. ಜೊತೆಗೆ ಕೊಟ್ಟ ಪುಟ್ಟ ರೋಲರ್‌ನ ಹಿಡಿ ಎರಡನೇ ಡೋರ್‌ಗೆ ಮುರಿಯಿತು. ರೋಲರ್ ಬಿಟ್ಟು ಕೈಯಲ್ಲೇ ಒತ್ತುತ್ತೇನೆ ಅನ್ನಬೇಡಿ. ಅಲ್ಯೂಮಿನಿಯಂ ಮೇಲಿನ ಉಬ್ಬು ಗುರುತು ಚಪ್ಪಟೆಯಾಗುವವರೆಗೆ ಉರುಳಿಸಬೇಕು, ಇಲ್ಲದಿದ್ದರೆ ಕೆಳಗೆ ಗಾಳಿ ಉಳಿಯುತ್ತದೆ. ಗಾಳಿ ಉಳಿದ ಕಡೆ ನಾಳೆ ನೀರು ಕೂರುತ್ತದೆ. ಅದರಲ್ಲೂ ಮೇಲಿನ ಅಂಚು ಗಟ್ಟಿಯಾಗಿ ಕೂರಲೇಬೇಕು. ಅಲ್ಲಿ ಚೂರು ಬಿಟ್ಟರೂ ಇಳಿದು ಬರುವ ನೀರಿಗೆ ಅದೊಂದು ಜೇಬು. ನಾನು ಅಂಚಿಗೆಲ್ಲ ಚಮಚದ ಬೆನ್ನಿನಿಂದ ತಿಕ್ಕಿದೆ. ತಳದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟೆ. ಗಾಜು ಪೂರ್ತಿ ಇಳಿಸಿ, ಶೀಟ್‌ಗೆ ತಾಗುತ್ತದಾ ಅಂತಲೂ ನೋಡಿಕೊಂಡೆ. ತುಕ್ಕಿನ ಚುಕ್ಕೆಗಳನ್ನು ಮೊದಲೇ ಉಜ್ಜಿ, ಬಣ್ಣ ಹಚ್ಚಿ, ಒಣಗಿಸಿದ್ದೆ. ತೇವದ ಮೇಲೆ ಅಂಟಿಸಿದರೆ ತುಕ್ಕಿಗೆ ನಾವೇ ಹೊದಿಕೆ ಹೊದಿಸಿದಂತೆ.

ಫೋಮ್ ಕೊಳ್ಳುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಒಂದು ತುಂಡು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ಆಚೆ ಹೋದರೆ ಅದು ಸ್ಪಂಜು, ವಾಪಸ್ ಮಾಡಿ. ನಾನು ಹಳೆಯ ಸ್ಪಂಜಿನದೊಂದು, ಹೊಸ ಫೋಮ್‌ನದೊಂದು ತುಂಡು ತೂಗಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿಟ್ಟೆ. ಸ್ಪಂಜು 4 ಗ್ರಾಂ ಇದ್ದದ್ದು 70 ದಾಟಿತು. ಫೋಮ್ ಒರೆಸಿ ತೂಗಿದಾಗ 5 ಇದ್ದದ್ದು 5ರಲ್ಲೇ ಇತ್ತು. ಆ ಫೋಮನ್ನೂ ಡೋರ್ ಹೊಟ್ಟೆಯೊಳಗೆ ತುಂಬಲಿಲ್ಲ, ಡೋರ್ ಪ್ಯಾಡ್‌ನ ಹಿಂಬದಿಗೆ ಅಂಟಿಸಿದೆ. 6 ಮಿಲಿಮೀಟರ್ ಕೆಲವು ಕಡೆ ದಪ್ಪವಾಯಿತು. ಕ್ಲಿಪ್‌ಗಳ ಹತ್ತಿರ ಪ್ಯಾಡ್ ಒಳಗೆ ಕೂರದೆ ಉಬ್ಬಿಕೊಂಡಿತು. ಹಾಗೇ ಗುದ್ದಿ ಕೂರಿಸಿದ್ದರೆ ಕ್ಲಿಪ್ ಸಡಿಲಾಗಿ ಹೊಸ ಗಡಗಡ ಶುರುವಾಗುತ್ತಿತ್ತು. ಅಲ್ಲೆಲ್ಲ ಕತ್ತರಿಸಿ ತೆಗೆದೆ. ಇನ್ನೊಮ್ಮೆ ತರಿಸಿದರೆ 3 ಮಿಲಿಮೀಟರಿನದೇ ತರಿಸುತ್ತೇನೆ.

ಇನ್ನು ಪ್ಲಾಸ್ಟಿಕ್ ಹಾಳೆ. ಆಚೆ ಕಡೆಯ ಡೋರ್‌ನ ಹಾಳೆ ಹರಿಯದೆ ಇಡಿಯಾಗಿತ್ತು. ಅದನ್ನು ಮಗುಚಿ ಅಚ್ಚಾಗಿ ಇಟ್ಟುಕೊಂಡು ದಪ್ಪ ಪಾಲಿಥೀನ್‌ನಲ್ಲಿ ಹೊಸದು ಕತ್ತರಿಸಿದೆ. ಹಳೆಯ ಅಂಟಿನ ಗುರುತಿನ ಮೇಲೇ ಬ್ಯೂಟೈಲ್ ಹಗ್ಗ ಎಳೆದು, ಎಲ್ಲೂ ತುಂಡಾಗದಂತೆ ಸುತ್ತಿ, ಹಾಳೆ ಒತ್ತಿದೆ. ಕೆಳಗಿನ ಅಂಚನ್ನು ಮರೆಯದೆ ಸೀಳಿನೊಳಗೆ ತೂರಿದೆ. ವೈರು ಹಾಳೆ ದಾಟುವ ಕಡೆ, ದಾಟುವ ಮೊದಲು ವೈರನ್ನು ಸ್ವಲ್ಪ ಕೆಳಗೆ ಇಳಿಬಿಟ್ಟೆ, ಹನಿ ಅಲ್ಲೇ ತೊಟ್ಟಿಕ್ಕಲಿ ಅಂತ. ಈ ಬ್ಯೂಟೈಲ್ ಹಗ್ಗ ನಾಲ್ಕು ಸಾಮಾನಿನಲ್ಲಿ ಅತಿ ಅಗ್ಗದ್ದು. ನನಗೆ ಅತಿ ಬೆಲೆಬಾಳಿದ್ದೂ ಅದೇ. ಗಟ್ಟಿಯಾಗುವುದಿಲ್ಲ, ಎಳೆದರೆ ಬಿಟ್ಟುಕೊಡುತ್ತದೆ, ಒತ್ತಿದರೆ ಮತ್ತೆ ಹಿಡಿಯುತ್ತದೆ. ಇದರ ಬದಲು ಮನೆಯಲ್ಲಿರುವ ಸಿಲಿಕೋನ್ ಟ್ಯೂಬ್ ಹಿಂಡುತ್ತೇನೆ ಅನ್ನುವವರು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಆರುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ, ಬರಿ ತಗಡಿಗೆ ತುಕ್ಕು ಕೊಡುತ್ತದೆ.

ಒಳತಗಡಿನ ಕಿಂಡಿಗಳನ್ನು ಡ್ಯಾಂಪಿಂಗ್ ಶೀಟ್‌ನಿಂದಲೇ ಮುಚ್ಚಿ ಪ್ಲಾಸ್ಟಿಕ್ ಹಾಳೆಯನ್ನೇ ಬಿಟ್ಟುಬಿಡುವವರಿದ್ದಾರೆ. ಸ್ಪೀಕರ್‌ಗೆ ಅದು ಒಳ್ಳೆಯದು, ಡೋರ್ ಮುಚ್ಚಿದ ಪೆಟ್ಟಿಗೆಯಂತಾಗಿ ತಗ್ಗಿನ ಸ್ವರ ತುಂಬಿ ಬರುತ್ತದೆ. ಡ್ರೈವರ್ ಕಡೆ ನಾನೂ ಹಾಗೇ ಮಾಡಿದೆ. ಬೇಸಿಗೆಯಲ್ಲಿ ಅದೇ ಡೋರ್‌ನ ಗಾಜಿನ ಮೋಟರ್ ಕೈಕೊಟ್ಟಿತು. ಬಿಸಿಲಿಗೆ ಮೆತ್ತಗಾದ ಬ್ಯೂಟೈಲ್ ಕಿತ್ತು ತೆಗೆಯಲು ಎರಡು ಗಂಟೆ ಹಿಡಿಯಿತು. ಕೈ, ಅಂಗಿ, ಫೋನು, ಎಲ್ಲ ಕಪ್ಪು ಅಂಟು. ಮೆಕ್ಯಾನಿಕ್ ದೂರ ನಿಂತು ನೋಡಿದರು. "ಇದನ್ನ ನೀವೇ ಬಿಚ್ಚಿ ಕೊಡಿ ಸಾರ್, ಆಮೇಲೆ ಮೋಟರ್ ನಾನು ಹಾಕ್ತೀನಿ." ಈಗ ಆ ಕಡೆಯೂ ಪ್ಲಾಸ್ಟಿಕ್ ಹಾಳೆ, ಬ್ಯೂಟೈಲ್ ಹಗ್ಗ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್‌ಗೆ ಸುದ್ದಿ ಮುಟ್ಟಿಸುವ ಒತ್ತಡದ ಸೆನ್ಸರ್ ಡೋರ್ ಒಳಗೇ ಇರುತ್ತದೆ. ಡಿಕ್ಕಿಯಾದಾಗ ಡೋರ್ ಹೊಟ್ಟೆಯಲ್ಲಿ ಗಾಳಿಯ ಒತ್ತಡ ಥಟ್ಟನೆ ಏರುವುದನ್ನು ಅದು ಹಿಡಿಯುತ್ತದೆ. ಅಂಥ ಡೋರ್‌ನಲ್ಲಿ ಹಾಳೆ ಹರಿದಿದ್ದರೆ ಒತ್ತಡ ಸೋರಬಹುದು, ಸೆನ್ಸರ್ ಬಾಯಿಗೆ ಶೀಟ್ ಅಂಟಿಸಿದರೆ ಅದಕ್ಕೆ ಏನೂ ತಿಳಿಯದು. ನಿಮ್ಮ ಕಾರಲ್ಲಿ ಅದಿದ್ದರೆ ತಿಳಿದವರ ಕೈಗೆ ಕೊಡಿ.

ಫಲ ಏನು? ಡೋರ್ ಹಾಕಿದರೆ ಮೊದಲು ತಗಡಿನ ಪೆಟ್ಟಿಗೆ ಮುಚ್ಚಿದ ಸದ್ದು, ಈಗ ಧಪ್ ಅಂತ ತುಂಬಿದ ಸದ್ದು. ಸ್ಪೀಕರ್ ಬದಲಿಸಿಲ್ಲ, ಆದರೂ ಮೃದಂಗದ ಎಡಗೈ ಸ್ವರ ಈಗ ಬೇರೆಯಾಗಿ ಕೇಳುತ್ತದೆ. ಪಕ್ಕದಲ್ಲಿ ಲಾರಿ ಹೋದಾಗಿನ ಅಬ್ಬರ ಒಂದು ಹದ ಇಳಿದಿದೆ. ಟೈರಿನ ಸದ್ದು ಹಾಗೇ ಇದೆ. ಅದು ನೆಲದಿಂದ, ಚಕ್ರದ ಕಮಾನಿನಿಂದ ಬರುವಂಥದ್ದು, ಡೋರ್ ಪಾಪ ಏನು ಮಾಡೀತು. ವೇಗ ಏರಿದಾಗ ಕನ್ನಡಿಯ ಹತ್ತಿರ ಬರುವ ಗಾಳಿಯ ಸುಯ್ಯೂ ಹಾಗೇ ಇದೆ. ಫೋನಿನ ಆ್ಯಪ್‌ನಲ್ಲಿ ಅದೇ ರಸ್ತೆ, ಗಂಟೆಗೆ 60 ಕಿಲೋಮೀಟರ್, ಮೊದಲಿಗಿಂತ ಎರಡು ಡೆಸಿಬಲ್ ಕಡಿಮೆ ತೋರಿಸಿತು. ಒಂದೇ ದಿನ ಎರಡು ಸಲ ಅಳೆದರೂ ಒಂದು ಡೆಸಿಬಲ್ ಆಚೀಚೆ ಬರುವ ಆ್ಯಪ್ ಅದು, ಹಾಗಾಗಿ ಆ ಅಂಕಿಯನ್ನು ನಾನು ಎಲ್ಲೂ ಜಂಬ ಕೊಚ್ಚಿಕೊಳ್ಳುವುದಿಲ್ಲ.

ಅಂಕ ಕೊಡಲೇಬೇಕೆಂದರೆ ಶೀಟ್‌ಗೆ ಐದಕ್ಕೆ ನಾಲ್ಕು, ಫೋಮ್‌ಗೆ ಮೂರೂವರೆ, ಫ್ಲೀಸ್ ಟೇಪಿಗೂ ಬ್ಯೂಟೈಲ್ ಹಗ್ಗಕ್ಕೂ ಐದಕ್ಕೆ ಐದು. ಬರೀ ಟಕಟಕ ಸದ್ದು ಹೋದರೆ ಸಾಕು ಅನ್ನುವವರು ಕೊನೆಯ ಎರಡನ್ನೇ ತರಿಸಿ. ಶೀಟ್ ಆಮೇಲೆ ಬೇಕಾದರೆ ನೋಡಿಕೊಳ್ಳಬಹುದು.

ಮೊನ್ನೆ ರಾತ್ರಿ ಜೋರು ಮಳೆ. ಮನೆ ಮುಂದೆ ನಿಲ್ಲಿಸಿ ಡೋರ್ ತೆರೆದೆ. ತಳದ ಮೂರೂ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರ್ಪೆಟ್ ಮೇಲೆ ಅಂಗೈ ಇಟ್ಟು ನೋಡಿದೆ, ಒಣಗಿತ್ತು. ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಶೀಟ್ ಉಳಿದಿವೆ, ಹಿಂದಿನ ಡೋರ್‌ಗಳಿಗೆ ಇಟ್ಟಿದ್ದೇನೆ. ಮಗಳು ಮಾತ್ರ ಈ ಸಲ ಮಗ್ ನಾನು ಹಿಡಿಯಲ್ಲ, ಟಾರ್ಚ್ ಹಿಡೀತೀನಿ ಅಂತ ಹಟ ಮಾಡುತ್ತಿದ್ದಾಳೆ. ನೀರು ಯಾರ ಮುಖಕ್ಕೆ ಸಿಡಿಯುತ್ತದೆ ಅನ್ನೋದು ಅವಳಿಗೆ ಮರೆತಂತಿದೆ. ನಾನೂ ನೆನಪಿಸಲು ಹೋಗಿಲ್ಲ.